40 ಸಾವಿರದೊಳಗೆ ಮನೆಬಳಕೆಗೆ ಲ್ಯಾಪ್‌ಟಾಪ್: ರೈಜೆನ್ 5 ಮೇಲೋ, ಐ3 ಮೇಲೋ?

ಅಡಿಕೆತೋಟ:
ಮನೆಗೆ ಒಂದು ಲ್ಯಾಪ್‌ಟಾಪ್ ತಗೋಬೇಕು. ಬಜೆಟ್ 40 ಸಾವಿರ, ಎಳೆದಾಡಿದರೆ 43. ಕೆಲಸ ಇಷ್ಟೇ: ಬ್ಯಾಂಕು, ಬಿಲ್ಲು, ಪಿಯುಸಿ ಓದುವ ಹುಡುಗಿಯ ಆನ್‌ಲೈನ್ ಕ್ಲಾಸು, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗು, ಸಹಕಾರ ಸಂಘದ ಲೆಕ್ಕದ ಎಕ್ಸೆಲ್ ಶೀಟು, ಸಂಜೆ ಯೂಟ್ಯೂಬು. ಗೇಮ್ ಇಲ್ಲ, ವಿಡಿಯೋ ಎಡಿಟಿಂಗ್ ಇಲ್ಲ. ದಿನಕ್ಕೆ ಎರಡು ಮೂರು ಗಂಟೆ ಕರೆಂಟ್ ಇರಲ್ಲ. ಐದು ವರ್ಷ ಬಾಳಬೇಕು.

ಮೂರು ಆರಿಸಿಟ್ಟುಕೊಂಡಿದ್ದೀನಿ. ಒಂದರಲ್ಲಿ ಎಎಂಡಿಯ ರೈಜೆನ್ 5 7520ಯು ಪ್ರೊಸೆಸರ್, ಇನ್ನೊಂದರಲ್ಲಿ ಇಂಟೆಲ್ ಐ3-1215ಯು, ಮೂರನೆಯದರಲ್ಲಿ ಇಂಟೆಲ್ ಎನ್100. ಮೂರರಲ್ಲೂ 8 ಜಿಬಿ ರ‍್ಯಾಮ್. ಮೊದಲೆರಡರ ಬೆಲೆ ಹೆಚ್ಚುಕಮ್ಮಿ ಒಂದೇ. ರೈಜೆನ್ 5 ಅಂದ್ರೆ ಐ3ಗಿಂತ ಮೇಲೆ ತಾನೆ? ಅದನ್ನೇ ತಗೊಳ್ಳಲಾ?

ಬೆಸುಗೆ:
ಬೇಡ. ಈ ಮೂರರಲ್ಲಿ ಐ3-1215ಯು ಮೇಲು. ಸ್ಟಿಕ್ಕರ್ ಮೇಲಿನ 3, 5, 7 ನೋಡಿ ಮೋಸಹೋಗಬೇಡಿ. ಅದರ ಮುಂದಿನ ನಾಲ್ಕಂಕಿಯನ್ನು ಗಾಡಿಯ ನಂಬರ್ ಪ್ಲೇಟ್ ಓದಿದ ಹಾಗೆ ಬಿಡಿಸಿ ಓದಬೇಕು.

ಎಎಂಡಿಯ 7000 ಸಾಲಿನಲ್ಲಿ ಮೊದಲ ಅಂಕಿ ಅದು ಯಾವ ವರ್ಷದ ಸಾಲು ಅನ್ನೋದು: 7 ಅಂದರೆ 2023. ಒಳಗಿನ ವಿನ್ಯಾಸ ಎಷ್ಟು ಹಳೆಯದು ಅನ್ನೋದು ಮೂರನೇ ಅಂಕಿಯಲ್ಲಿದೆ. 7520ರಲ್ಲಿ ಮೂರನೆಯದು 2, ಅಂದರೆ ಝೆನ್ 2, 2019ರ ವಿನ್ಯಾಸ. ನಾಲ್ಕು ಕೋರು (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ಡು (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). 7320ಯು ಅನ್ನೋ ರೈಜೆನ್ 3 ಕೂಡ ಅದೇ ನಾಲ್ಕು ಕೋರಿನ ಚಿಪ್ಪು. ವೇಗದಲ್ಲಿ ಕೂದಲೆಳೆ ವ್ಯತ್ಯಾಸ, ಹೆಸರಲ್ಲಿ ಮಾತ್ರ 3 ಹೋಗಿ 5 ಆಗಿದೆ. ಅದೇ 7530ಯು ನೋಡಿ: ಮೂರನೇ ಅಂಕಿ 3, ಝೆನ್ 3, ಆರು ಕೋರು. 7520ಕ್ಕೂ 7530ಕ್ಕೂ ಕಾಗದದ ಮೇಲೆ ಒಂದಂಕಿ ವ್ಯತ್ಯಾಸ, ಕೆಲಸದಲ್ಲಿ ಅಜಗಜಾಂತರ. 7530ಯು ನಿಮ್ಮ ಬಜೆಟ್‌ಗೆ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಹಳೇ ಸ್ಟಾಕಿನಲ್ಲಿ 5625ಯು ಸಿಕ್ಕರೂ ಅಷ್ಟೇ, ಅದೂ ಝೆನ್ 3, ಆರು ಕೋರು.

ಐ3-1215ಯು 2022ರದ್ದು. ಎರಡು ದೊಡ್ಡ ಕೋರು, ನಾಲ್ಕು ಚಿಕ್ಕ ಕೋರು, ಎಂಟು ಥ್ರೆಡ್ಡು. ಬ್ರೌಸರ್, ಎಕ್ಸೆಲ್, ಪಿಡಿಎಫ್ ಇವೆಲ್ಲ ಒಂದೊಂದು ಕೋರಿನ ವೇಗಕ್ಕೆ ಜೋತುಬಿದ್ದ ಕೆಲಸ. ಅಲ್ಲಿ ಆ ದೊಡ್ಡ ಕೋರುಗಳು 7520ಯುವನ್ನು ಸಲೀಸಾಗಿ ಹಿಂದೆ ಹಾಕುತ್ತವೆ. 2023ರ 1315ಯು, 2024ರ ಕೋರ್ 3 100ಯು ಇವೂ ಅದೇ ಎರಡು ಪ್ಲಸ್ ನಾಲ್ಕು ಕೋರಿನವು. ಹೆಸರು ಹೊಸದು ಅಂತ ಮೂರು ಸಾವಿರ ಜಾಸ್ತಿ ಕೊಡೋ ಅಗತ್ಯವಿಲ್ಲ.

ಎನ್100ರಲ್ಲಿ ನಾಲ್ಕೂ ಚಿಕ್ಕ ಕೋರುಗಳೇ, ದೊಡ್ಡದು ಒಂದೂ ಇಲ್ಲ. ವಿದ್ಯುತ್ ಕಡಿಮೆ ಕುಡಿಯುತ್ತೆ, ಯೂಟ್ಯೂಬ್‌ಗೆ ಧಾರಾಳ ಸಾಕು. ಆದರೆ ಕ್ಲಾಸ್ ನಡೀತಿರುವಾಗ ಹಿಂದೆ ಅಪ್‌ಡೇಟ್ ಶುರುವಾದರೆ ತೆವಳುತ್ತೆ. ಐದು ವರ್ಷಕ್ಕೆ ಅದು ಬೇಡ. ಸೆಲೆರಾನ್ ಎನ್4020 ಅಂತ ಕಂಡರಂತೂ ಎರಡೇ ಕೋರು, ಪುಟ ಮುಚ್ಚಿ ಮುಂದೆ ಹೋಗಿ.

ಧಾರವಾಡ ಪೇಡೆ:
ಬೆಸುಗೆ ಸರ್ ಹೇಳಿದ್ದು ಖರೆ, ಆದ್ರ ಮುಖ್ಯ ಮಾತು ಇನ್ನೂ ಬಂದಿಲ್ರಿ. ಪ್ರೊಸೆಸರ್ ಯಾವ್ದರ ಇರ್ಲಿ, 8 ಜಿಬಿ ಐದು ವರ್ಷಕ್ಕ ಸಾಲೂದಿಲ್ಲ.

ಲೆಕ್ಕ ಹಾಕ್ರಿ. ವಿಂಡೋಸ್ 11 ಸುಮ್ನ ಕುಂತಾಗೂ ಮೂರೂವರಿಯಿಂದ ನಾಕು ಜಿಬಿ ತಿಂತೈತಿ. ಇಂಥಾ ಲ್ಯಾಪ್‌ಟಾಪಿಗೆ ಬ್ಯಾರೆ ಗ್ರಾಫಿಕ್ಸ್ ಮೆಮೊರಿ ಇರೂದಿಲ್ಲ, ಇದ್ದ ರ‍್ಯಾಮಿನಾಗ ಅದಕ್ಕೂ ಪಾಲು ಕೊಡಬೇಕು. ಕೆಲವು ಎಎಂಡಿ ಮಾಡೆಲ್‌ನಾಗ ಮೊದಲ ಎರಡು ಜಿಬಿ ಹಿಂಗ ತಗದಿಟ್ಟಿರ್ತಾರ. 8 ಅಂತ ಡಬ್ಬಿ ಮ್ಯಾಲೆ ಬರದ್ರೂ ಟಾಸ್ಕ್ ಮ್ಯಾನೇಜರ್‌ನಾಗ 5.8 ಅಂತನ ತೋರಸ್ತೈತಿ. ಇನ್ನ ಗೂಗಲ್ ಮೀಟ್, ಹತ್ತು ಟ್ಯಾಬು, ಒಂದು ಎಕ್ಸೆಲ್ ತಗದ್ರ ಮುಗೀತು. ಜಾಗ ಸಾಲದಾಗ ವಿಂಡೋಸು ಎಸ್‌ಎಸ್‌ಡಿ (ಕಡತ ಇಡೂ ಡಿಸ್ಕ್) ಮ್ಯಾಲೆ ಬರಿಯಾಕ ಶುರು ಮಾಡ್ತೈತಿ. ಮೆಷಿನ್ ಹ್ಯಾಂಗ್ ಆದಂಗ ಅನಸೂದು ಅದಕ್ಕ, ಪ್ರೊಸೆಸರ್ ಹಳೇದಾತು ಅಂತಲ್ಲ.

16 ಬೇಕ ಬೇಕು. ಈಗ ಆಗದಿದ್ರ ಮುಂದ ಹಾಕಾಕ ಬರೂವಂಥ ಸ್ಲಾಟ್ ಇರಬೇಕು. 7520ಯು ಬ್ಯಾಡ ಅನ್ನಾಕ ನನ್ನ ಕಾರಣ ಇದ. ಆ ಚಿಪ್ ಎಲ್‌ಪಿಡಿಡಿಆರ್5 ಬಿಟ್ರ ಬ್ಯಾರೆ ರ‍್ಯಾಮ್ ತಗೊಳೂದಿಲ್ಲ, ಅದನ್ನ ಬೋರ್ಡಿಗೇ ಬೆಸುಗಿ ಹಾಕಿರ್ತಾರ. 8 ತಗೊಂಡ್ರ ಸಾಯೂತನಕ 8.

ಅಡಿಕೆತೋಟ:
ಸ್ಲಾಟ್ ಇದೆಯೋ ಇಲ್ಲವೋ ಅಂತ ಕೊಳ್ಳೋ ಮುಂಚೆ ಗೊತ್ತಾಗೋದು ಹೇಗೆ? ಮಾರುವ ಪುಟದಲ್ಲಿ "8 ಜಿಬಿ ಡಿಡಿಆರ್4" ಅಂತಷ್ಟೇ ಇದೆ.

ಬೆಸುಗೆ:
ಪೂರ್ತಿ ಮಾಡೆಲ್ ನಂಬರ್ ಹಿಡಿಯಿರಿ. "ವಿವೋಬುಕ್ 15", "ಐಡಿಯಾಪ್ಯಾಡ್ ಸ್ಲಿಮ್ 3" ಇವೆಲ್ಲ ಮನೆತನದ ಹೆಸರು. ಒಂದೇ ಹೆಸರಿನಡಿ ಹತ್ತಾರು ಬೇರೆ ಬೇರೆ ಬೋರ್ಡು ಇರುತ್ತವೆ.

ಉದಾಹರಣೆಗೆ ಏಸಸ್‌ನ ಎಕ್ಸ್1504ಝಡ್‌ಎ. ಇದರಲ್ಲಿ 8 ಜಿಬಿ ಬೋರ್ಡ್ ಮೇಲೆ, ಜೊತೆಗೆ ಒಂದು ಖಾಲಿ ಸ್ಲಾಟು. ಅದರ ಪಕ್ಕದಲ್ಲೇ ಕೂರುವ ವಿವೋಬುಕ್ ಗೋ ಇ1504ಎಫ್‌ಎ ನೋಡೋಕೆ ಅವಳಿ ಹಾಗಿದ್ದರೂ ಸ್ಲಾಟೇ ಇಲ್ಲ, ಒಳಗಿರೋದು ಅದೇ 7320ಯು ಇಲ್ಲವೇ 7520ಯು. ಲೆನೊವೊದ ಸ್ಲಿಮ್ 3 15ಐಎಎಚ್8 ಅಂದರೆ ಐ5-12450ಎಚ್. ಪ್ರೊಸೆಸರ್ ಜೋರು, ರ‍್ಯಾಮ್ ಮಾತ್ರ ಪೂರ್ತಿ ಬೆಸುಗೆ. ಅದನ್ನು ತಗೊಳ್ಳೋದಾದರೆ 16 ಜಿಬಿಯದ್ದನ್ನೇ ತಗೊಳ್ಳಿ, 8ರದ್ದು ಮುಟ್ಟಬೇಡಿ.

ಎಲ್ಲಿ ನೋಡೋದು ಅಂದರೆ, ಲೆನೊವೊಗೆ ಪಿಎಸ್‌ಆರ್‌ಇಎಫ್ ಅಂತ ಅವರದೇ ಸೈಟು ಇದೆ. ಮಾಡೆಲ್ ಹಾಕಿದರೆ ಮೆಮೊರಿ ಸ್ಲಾಟ್, ಬ್ಯಾಟರಿ, ಪರದೆಯ ಬೆಳಕು ಎಲ್ಲಾ ಬರುತ್ತೆ. ಎಚ್‌ಪಿಯಲ್ಲಿ "ಮೇಂಟೆನೆನ್ಸ್ ಆ್ಯಂಡ್ ಸರ್ವಿಸ್ ಗೈಡ್" ಅನ್ನೋ ಪಿಡಿಎಫ್ ಹುಡುಕಿ. ಏಸಸ್, ಏಸರ್‌ಗೆ ಅವರ ಸೈಟಿನ ಟೆಕ್ ಸ್ಪೆಕ್ಸ್ ಪುಟ ಸಾಕು. ಎಸ್‌ಒ-ಡಿಮ್ ಅಂತ ಬರೆದಿದ್ದರೆ ಸ್ಲಾಟು. ಆನ್‌ಬೋರ್ಡ್, ಸೋಲ್ಡರ್ಡ್, ಅಥವಾ ಡಿಡಿಆರ್ ಹಿಂದೆ ಎಲ್‌ಪಿ ಇದ್ದರೆ ಈ ಬೆಲೆಯಲ್ಲಿ ಅದು ಬೆಸುಗೆ ಹಾಕಿದ್ದೇ.

ಅಂಗಡಿಯಲ್ಲಿ ಡೆಮೊ ಪೀಸ್ ಇದ್ದರೆ ಇನ್ನೂ ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಕ್ಲಿಕ್ ಮಾಡಿ. ಕೆಳಗೆ ಬಲಗಡೆ "ಸ್ಲಾಟ್ಸ್ ಯೂಸ್ಡ್ 1 ಆಫ್ 2" ಅಂತ ಇರುತ್ತೆ. ಅದರ ಕೆಳಗೆ ಫಾರ್ಮ್ ಫ್ಯಾಕ್ಟರ್: "ಎಸ್‌ಒಡಿಮ್" ಅಂದರೆ ಸ್ಲಾಟಿನಲ್ಲಿ ಕೂತ ಸ್ಟಿಕ್ಕು, "ರೋ ಆಫ್ ಚಿಪ್ಸ್" ಅಂದರೆ ಬೆಸುಗೆ. ಒಂದು ತೊಂದರೆ ಇದೆ: ಬೆಸುಗೆ ಹಾಕಿದ ಚಿಪ್ಪುಗಳನ್ನೂ ವಿಂಡೋಸ್ ಕೆಲವು ಸಲ ಸ್ಲಾಟ್ ಅಂತಲೇ ಎಣಿಸುತ್ತೆ. ಹಾಗಾಗಿ ಎರಡನೇ ಸಾಲನ್ನು ನಂಬಿ, ಮೊದಲನೆಯದನ್ನಲ್ಲ.

ಕೆರೆಏರಿ:
ರ‍್ಯಾಮ್ ಆಮೇಲೆ ಹಾಕಿಸೋಣ ಅನ್ನೋ ಲೆಕ್ಕ ಈಗ ಮೊದಲಿನಷ್ಟು ಸಲೀಸಲ್ಲ. ಮೆಮೊರಿ ಕಂಪನಿಗಳು ಚಿಪ್ಪುಗಳನ್ನೆಲ್ಲ ಎಐ ಡೇಟಾ ಸೆಂಟರ್‌ಗಳ ಕಡೆ ಹರಿಸುತ್ತಿರೋದರಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎರಡು ಸಾವಿರದೊಳಗೆ ಸಿಗುತ್ತಿದ್ದ 8 ಜಿಬಿ ಡಿಡಿಆರ್4 ಸ್ಟಿಕ್ಕಿನ ಇವತ್ತಿನ ಬೆಲೆ ಕೇಳಿಕೊಂಡೇ 8 ಪ್ಲಸ್ ಸ್ಲಾಟೋ, ಕಂಪನಿಯಿಂದಲೇ 16 ಬಂದದ್ದೋ ತೀರ್ಮಾನ ಮಾಡಿ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹಳೇ ಲ್ಯಾಪ್‌ಟಾಪಿಂದ ಬಿಚ್ಚಿದ ಸ್ಟಿಕ್ಕುಗಳೂ ಸಿಗುತ್ತವೆ. ರ‍್ಯಾಮ್ ಸುಲಭಕ್ಕೆ ಸವೆಯುವ ವಸ್ತುವಲ್ಲ, ತಗೊಳ್ಳಬಹುದು. ಹಾಕಿದ ರಾತ್ರಿ ಮೆಮ್‌ಟೆಸ್ಟ್86 ಅನ್ನೋ ಪರೀಕ್ಷಾ ತಂತ್ರಾಂಶ ಓಡಿಸಿ, ಒಂದೇ ಒಂದು ಎರರ್ ಬಂದರೂ ವಾಪಸ್ ಕೊಡೋ ಮಾತು ಮೊದಲೇ ಆಡಿಕೊಂಡಿರಿ. ಬಿಲ್ಲಿನ ಮೇಲೆ ವೇಗ "3200" ಅಂತ ಬರೆಸಿ. 2400ರ ಸ್ಟಿಕ್ ಹಾಕಿದರೆ ಎರಡೂ 2400ಕ್ಕೇ ಇಳಿಯುತ್ತವೆ.

ಕಡಲತಡಿ:
ಪರದೆಯ ಸುದ್ದಿ ಯಾರೂ ಎತ್ತಲಿಲ್ಲ ಮಾರಾಯ್ರೆ. ರ‍್ಯಾಮ್ ಮತ್ತೆ ಹಾಕಬಹುದು, ಪರದೆ ಐದು ವರ್ಷ ಕಣ್ಣೆದುರೇ ಉಂಟು.

ಈ ಬೆಲೆಗೆ ಮೂರು ಜಾತಿ ಸಿಗ್ತದೆ. ಟಿಎನ್ (ಅಗ್ಗದ್ದು), ಐಪಿಎಸ್ (ಒಳ್ಳೆಯದು), ಮತ್ತೆ ಕೆಲವರು "ಆ್ಯಂಟಿ ಗ್ಲೇರ್ ಫುಲ್ ಎಚ್‌ಡಿ" ಅಂತ ಮಾತ್ರ ಬರೆದು ಸುಮ್ಮನಾಗುವಂಥದ್ದು. ಐಪಿಎಸ್ ಅಂತ ಬರೆಯದಿದ್ದರೆ ಟಿಎನ್ ಅಂತಲೇ ಎಣಿಸಿ. ಇದ್ದದ್ದಾದರೆ ಅವರು ದೊಡ್ಡದಾಗಿ ಬರೆಯುತ್ತಿದ್ದರು. ಪರೀಕ್ಷೆ ಸುಲಭ. ಯಾರದ್ದಾದರೂ ಮುಖ ಇರುವ ಒಂದು ಫೋಟೋ ಪರದೆ ತುಂಬ ಹಾಕಿ, ಪರದೆಯನ್ನು ನಿಧಾನ ಹಿಂದಕ್ಕೆ ಬಾಗಿಸಿ. ಟಿಎನ್ ಆದರೆ ಮುಖ ಮೊದಲು ಬಿಳುಚಿಕೊಂಡು, ಮತ್ತೆ ಫಿಲ್ಮ್ ನೆಗೆಟಿವ್ ಹಾಗೆ ಕಾಣ್ತದೆ. ಐಪಿಎಸ್ಸಲ್ಲಿ ಬಣ್ಣ ಹಾಗೇ ನಿಲ್ತದೆ, ಸ್ವಲ್ಪ ಮಂಕಾಗಬಹುದು ಅಷ್ಟೆ.

ಬೆಳಕು ನಿಟ್ಸ್ ಲೆಕ್ಕ. 250 ಇದ್ದರೆ ಮನೆಯೊಳಗೆ ತೊಂದರೆ ಇಲ್ಲ, 220 ಆದರೆ ಜಗಲಿಯಲ್ಲಿ ಕೂತು ನೋಡ್ಲಿಕ್ಕೆ ಕಷ್ಟ, 300 ಸಿಕ್ಕರೆ ಅದೃಷ್ಟ. "45% ಎನ್‌ಟಿಎಸ್‌ಸಿ" ಅಂತ ಇದ್ದರೆ ಬಣ್ಣ ಸಪ್ಪೆ, ಕೆಂಪು ಇಟ್ಟಿಗೆ ಬಣ್ಣ ಆಗ್ತದೆ. ಈ ಬೆಲೆಗೆ ಅದು ಸಾಮಾನ್ಯ. ನಿಮ್ಮ ಕೆಲಸಕ್ಕೆ ಅದರಿಂದ ನಷ್ಟ ಇಲ್ಲ, ಸೀರೆ ಆನ್‌ಲೈನಲ್ಲಿ ತೆಗೆಯುವುದಾದರೆ ಮಾತ್ರ ಒಮ್ಮೆ ಫೋನಲ್ಲಿ ನೋಡಿಕೊಳ್ಳಿ.

ಇನ್ನೊಂದು, 1366×768 ಪರದೆ ಬೇಡವೇ ಬೇಡ. ಇಂಗ್ಲಿಷ್ ಓದುವವರಿಗೆ ಅದು ಹೇಗೋ ನಡೀತದೆ, ಕನ್ನಡಕ್ಕೆ ಆಗುವುದಿಲ್ಲ. ನಮ್ಮ ಲಿಪಿಯಲ್ಲಿ ಅಕ್ಷರದ ಕೆಳಗೆ ಒತ್ತು, ಒತ್ತಿನ ಕೆಳಗೆ ಮತ್ತೊಂದು ಒತ್ತು. 15.6 ಇಂಚಿನಲ್ಲಿ 1366 ಅಂದರೆ ಇಂಚಿಗೆ 100 ಚುಕ್ಕಿ, 1920×1080 ಅಂದರೆ 141. ಅಂಗಡಿಯಲ್ಲಿ ನೋಟ್‌ಪ್ಯಾಡ್ ತೆರೆದು "ರಾಷ್ಟ್ರ, ಸ್ತ್ರೀ, ವೈಶಿಷ್ಟ್ಯ" ಅಂತ 11ರ ಗಾತ್ರದಲ್ಲಿ ಬರೆಯಿರಿ. 100 ಚುಕ್ಕಿಯ ಪರದೆಯಲ್ಲಿ ಟ-ರ ಒತ್ತುಗಳು ಒಂದಕ್ಕೊಂದು ಅಂಟಿ ಕಪ್ಪು ಉಂಡೆ ಆಗಿರ್ತದೆ.

ಹಳೇ ಬಂಡಿ:
ಇಷ್ಟೆಲ್ಲ ಯಾಕೆ? 20ರಿಂದ 25 ಸಾವಿರಕ್ಕೆ ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಮಾಡಿ ಮಾರುವ) ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5 ಸಿಗುತ್ತೆ. ಮೂರರಲ್ಲೂ ಎರಡೆರಡು ರ‍್ಯಾಮ್ ಸ್ಲಾಟು. ಕೀಬೋರ್ಡ್ ಈಗಿನ 40 ಸಾವಿರದ ಪ್ಲಾಸ್ಟಿಕ್‌ಗಿಂತ ಎಷ್ಟೋ ಮೇಲು. ಟಿ480ಗೆ ಎರಡು ಬ್ಯಾಟರಿ: ಒಳಗೊಂದು, ಹಿಂದೆ ಬಿಚ್ಚಿ ಹಾಕೋದೊಂದು. ಆಫ್ ಮಾಡದೇ ಹಿಂದಿನದನ್ನು ಬದಲಾಯಿಸಬಹುದು. ಕರೆಂಟ್ ಹೋಗೋ ಊರಿಗೆ ಅದಕ್ಕಿಂತ ಇನ್ನೇನು ಬೇಕು? ಉಳಿದ 15 ಸಾವಿರ ಮನೆಯಲ್ಲೇ ಇರುತ್ತೆ.

ಬೆಸುಗೆ:
ಮೆಷಿನ್ ಒಳ್ಳೆಯವೇ, ತಕರಾರಿಲ್ಲ. ಕೊಳ್ಳುವವರಿಗೆ ಗೊತ್ತಿರಬೇಕಾದ ಕೆಲವು ಸಂಗತಿ ಮಾತ್ರ ಹೇಳ್ತೀನಿ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆದಾರರಿಗೆ ಕೊಟ್ಟ ವಿಸ್ತರಣೆಯೂ ಒಂದೇ ವರ್ಷದ್ದು. ವಿಂಡೋಸ್ 11 ಅಧಿಕೃತವಾಗಿ ಓಡಬೇಕಾದರೆ ಇಂಟೆಲ್‌ನ 8ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸದು ಇರಬೇಕು, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ. ನೀವು ಹೇಳಿದ ಮೂರೂ ಹೆಚ್ಚಾಗಿ 8ನೇ ಪೀಳಿಗೆಯವು, ಅಂದರೆ ಗೆರೆಯ ಅಂಚಿನಲ್ಲಿ ನಿಂತವು. ಇವತ್ತು ನಡೆಯುತ್ತೆ, ಮುಂದಿನ ವಿಂಡೋಸ್ ಆ ಗೆರೆಯನ್ನು ಸರಿಸಿದರೆ ಮೊದಲು ಹೊರಗೆ ಬೀಳೋದು ಇವೇ. ಐದು ವರ್ಷ ಅಂತ ಕೇಳಿದವರಿಗೆ ಇದನ್ನು ಹೇಳದೇ ಇರೋಕಾಗಲ್ಲ. "ಐ7, 16 ಜಿಬಿ, 15 ಸಾವಿರ" ಅಂತ ಜಾಹೀರಾತು ಕಂಡರೆ ಮುಕ್ಕಾಲುಪಾಲು ಅದು 4ನೇ ಇಲ್ಲವೇ 6ನೇ ಪೀಳಿಗೆ. ಐ7-6600ಯು ಅಂದರೆ ಎರಡೇ ಕೋರು, ವಿಂಡೋಸ್ 11ಗೆ ಅರ್ಹತೆಯೂ ಇಲ್ಲ.

ಎರಡನೆಯದು ಬೀಗ. ಇವೆಲ್ಲ ಕಂಪನಿಗಳಿಂದ ಲಾಟಿನಲ್ಲಿ ಬಂದ ಮಾಲು. ಆನ್ ಮಾಡುವಾಗ ಥಿಂಕ್‌ಪ್ಯಾಡಿನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಿ ಬಯೋಸ್ (ಮೆಷಿನ್ನಿನ ಮೂಲ ಸೆಟ್ಟಿಂಗು) ಒಳಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ ವಾಪಸ್ ಇಟ್ಟುಬಿಡಿ. ಒಳಗೆ ಸೆಕ್ಯುರಿಟಿ ವಿಭಾಗದಲ್ಲಿ ಆ್ಯಬ್ಸೊಲ್ಯೂಟ್ ಅಥವಾ ಕಂಪ್ಯೂಟ್ರೇಸ್ ಅಂತ ಕಳುವು ಪತ್ತೆಯ ವ್ಯವಸ್ಥೆ ಇರುತ್ತೆ, ಅದು ಆ್ಯಕ್ಟಿವೇಟ್ ಆಗಿರಬಾರದು. ಇನ್ನೊಂದು ಬೀಗ ಬಯೋಸಿನಲ್ಲೂ ಕಾಣಲ್ಲ. ಹಳೇ ಕಂಪನಿ ತನ್ನ ಆಟೋಪೈಲಟ್ (ಕಂಪನಿಯ ಮೆಷಿನ್‌ಗಳನ್ನು ನಿಭಾಯಿಸುವ ಮೈಕ್ರೋಸಾಫ್ಟ್ ಸೇವೆ) ಪಟ್ಟಿಯಿಂದ ಆ ಮೆಷಿನನ್ನು ತೆಗೆಯದೇ ಇದ್ದರೆ, ನೀವು ರೀಸೆಟ್ ಮಾಡಿ ವೈಫೈಗೆ ಸೇರಿಸಿದ ಕೂಡಲೇ ಆ ಕಂಪನಿಯ ಹೆಸರು ಬಂದು ಅವರ ಲಾಗಿನ್ ಕೇಳುತ್ತೆ. ಅಂಗಡಿಯವರು ಇಂಟರ್ನೆಟ್ ಇಲ್ಲದೇ ಲೋಕಲ್ ಅಕೌಂಟ್ ಮಾಡಿಟ್ಟಿದ್ದರೆ ಮೊದಲ ದಿನ ಗೊತ್ತೇ ಆಗಲ್ಲ. ಅಂಗಡಿಯಲ್ಲೇ, ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಟ್ಟು, ರೀಸೆಟ್ ಮಾಡಿಸಿ. ಒಂದು ಗಂಟೆ ಹಿಡಿಯುತ್ತೆ, ಕೂತಿರಿ.

ಬ್ಯಾಟರಿ ಮೂರನೆಯದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಒಂದು ಸ್ಪೇಸು, ಸ್ಲ್ಯಾಶ್, ಬ್ಯಾಟರಿರಿಪೋರ್ಟ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಒಂದು ಪುಟ ತಯಾರಾಗುತ್ತೆ. ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎರಡನ್ನೂ ಹೋಲಿಸಿ. 70%ಗಿಂತ ಕೆಳಗಿದ್ದರೆ ಬ್ಯಾಟರಿಯ ದುಡ್ಡು ಬೆಲೆಯಲ್ಲಿ ಮುರಿದುಕೊಳ್ಳಿ. ಎರಡೂ ಸಂಖ್ಯೆ ಅಚ್ಚುಕಟ್ಟಾಗಿ ಒಂದೇ ಇದ್ದು ಸೈಕಲ್ ಕೌಂಟ್ 0 ಅಂತಿದ್ದರೆ ಖುಷಿಪಡಬೇಡಿ. ಅದು ಹೊಸ ನಕಲಿ ಬ್ಯಾಟರಿ ಇರಬಹುದು. ಅರ್ಧ ಗಂಟೆ ವಿಡಿಯೋ ಓಡಿಸಿ ಎಷ್ಟು ಇಳಿಯಿತು ನೋಡಿ.

ಟಿ480 ವಿಷಯದಲ್ಲಿ ಇನ್ನೆರಡು. ಅದರ ಅಗ್ಗದ ಆವೃತ್ತಿಗೆ ಕಡಲತಡಿಯವರು ಬೈದ ಅದೇ 1366×768 ಟಿಎನ್ ಪರದೆ ಇರುತ್ತೆ, ಕೇಳಿ ತಗೊಳ್ಳಿ. ಜೊತೆಗೆ ಅದರ ಥಂಡರ್‌ಬೋಲ್ಟ್ ಫರ್ಮ್‌ವೇರ್ (ಆ ಪೋರ್ಟನ್ನು ನಡೆಸುವ ಒಳಗಿನ ತಂತ್ರಾಂಶ) ಹಳೆಯದೇ ಉಳಿದಿದ್ದರೆ ಟೈಪ್-ಸಿ ಪೋರ್ಟಿನಲ್ಲಿ ಚಾರ್ಜಿಂಗ್ ನಿಂತುಹೋಗುವ ದೋಷ ಇತ್ತು. ಲೆನೊವೊ ಅದಕ್ಕೆ ಅಪ್‌ಡೇಟ್ ಕೊಟ್ಟಿದೆ, ಪೋರ್ಟ್ ಕೈಕೊಡುವ ಮೊದಲೇ ಹಾಕಿಕೊಳ್ಳಬೇಕು.

ಹಳೇ ಬಂಡಿ:
ಇಷ್ಟೂ ನೋಡಿ ತಗೊಂಡರೆ ರಿಫರ್ಬಿಶ್ಡೇ ಮೇಲು ಅಂತ ನನ್ನ ಮಾತು ಅಲ್ಲೇ ಇದೆ. ನೋಡೋಕೆ ತಾಳ್ಮೆ ಇಲ್ಲದವರು ಹೊಸದು ತಗೊಳ್ಳಲಿ.

ಬೆಸುಗೆ:
ಅದಕ್ಕೆ ಒಪ್ಪಿದೆ.

ಅಡಿಕೆತೋಟ:
ಹೊಸದೇ ತಗೊಳ್ತೀನಿ, ಹತ್ತಿರದ ಪೇಟೆಯಲ್ಲಿ ಇಷ್ಟೆಲ್ಲ ಪರೀಕ್ಷೆ ಮಾಡಗೊಡೋ ಅಂಗಡಿ ಇಲ್ಲ. ಬ್ಯಾಟರಿ ಬಗ್ಗೆ ಹೇಳಿ. "10 ಗಂಟೆ" ಅಂತ ಬರೆದಿದ್ದಾರೆ. ಕರೆಂಟ್ ಹೋದಾಗ ಎರಡು ಗಂಟೆ ಕ್ಲಾಸ್ ನಡೆಯುತ್ತಾ? ಇನ್ವರ್ಟರ್ ಮೇಲೆ ಚಾರ್ಜ್ ಮಾಡಬಹುದಾ?

ಮಿಂಚುಗಂಬ:
ಗಂಟೆ ನೋಡಬೇಡಿ, ವಾಟ್-ಅವರ್ ನೋಡಿ. ಈ ಬೆಲೆಯಲ್ಲಿ 38ರಿಂದ 50 ಇರುತ್ತೆ. 42 ಇದ್ದರೆ ಲೆಕ್ಕ ಹೀಗೆ: ಬೆಳಕು ಅರ್ಧ ಇಟ್ಟು ಓದು ಬರಹ ಅಂದರೆ 7 ವಾಟ್ ಆಸುಪಾಸು, ಆರು ಗಂಟೆ. ಕ್ಯಾಮೆರಾ ಆನ್ ಇಟ್ಟು ವಿಡಿಯೋ ಕ್ಲಾಸ್ ಅಂದರೆ 11-12 ವಾಟ್, ಮೂರೂವರೆ ಗಂಟೆ. ಎರಡು ಮೂರು ವರ್ಷಕ್ಕೆ ಬ್ಯಾಟರಿ ಮುಕ್ಕಾಲಿಗೆ ಇಳಿದರೂ ಎರಡೂವರೆ ಗಂಟೆ ಉಳಿಯುತ್ತೆ. ನಿಮಗೆ ಸಾಕು. ಕ್ಲಾಸು ನಿಲ್ಲೋದು ಲ್ಯಾಪ್‌ಟಾಪಿಂದ ಅಲ್ಲ, ರೂಟರ್ ಆಫ್ ಆಗೋದರಿಂದ. ರೂಟರ್‌ಗೆ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿ. ಕೊಳ್ಳುವ ಮುಂಚೆ ರೂಟರ್ ಅಡಾಪ್ಟರ್ ಮೇಲಿನ ಆಂಪಿಯರ್ ಓದಿ. 12 ವೋಲ್ಟ್ 2 ಆಂಪಿಯರ್ ಕೇಳುವ ರೂಟರ್‌ಗೆ 1 ಆಂಪಿಯರಿನ ಯುಪಿಎಸ್ ಕೊಟ್ಟರೆ ಕರೆಂಟ್ ಹೋದ ಕ್ಷಣ ರೀಸ್ಟಾರ್ಟ್ ಆಗುತ್ತೆ.

ಸದಾ ಚಾರ್ಜರ್ ಚುಚ್ಚಿಟ್ಟೇ ಬಳಸುವವರು ಚಾರ್ಜ್ ಮಿತಿ 80%ಗೆ ಇಡಿ. ಏಸಸ್‌ನಲ್ಲಿ ಮೈಏಸಸ್ ಆ್ಯಪ್, ಲೆನೊವೊದಲ್ಲಿ ವ್ಯಾಂಟೇಜ್ ಒಳಗಿನ ಕನ್ಸರ್ವೇಶನ್ ಮೋಡ್. ನೂರರಲ್ಲಿ, ಅದೂ ಬಿಸಿಯಾಗಿ, ತಿಂಗಳುಗಟ್ಟಲೆ ಕೂತ ಲಿಥಿಯಂ ಬ್ಯಾಟರಿ ಬೇಗ ಉಬ್ಬುತ್ತೆ. ಟಚ್‌ಪ್ಯಾಡ್ ಒತ್ತಿದಾಗ ಕ್ಲಿಕ್ ಬಿಗಿಯಾಯಿತು ಅಥವಾ ಒಂದು ಮೂಲೆ ಮೇಲೆದ್ದಿತು ಅಂದರೆ ಕೆಳಗೆ ಬ್ಯಾಟರಿ ಉಬ್ಬಿದೆ ಅಂತ ಅರ್ಥ. ಆಗ ಬಳಕೆ ನಿಲ್ಲಿಸಿ, ಚುಚ್ಚೋಕೆ ಒತ್ತೋಕೆ ಹೋಗಬೇಡಿ.

ಇನ್ವರ್ಟರ್ ಮೇಲೆ ಧಾರಾಳವಾಗಿ ಹಾಕಬಹುದು. ಅಡಾಪ್ಟರ್ 100ರಿಂದ 240 ವೋಲ್ಟ್ ತನಕ ತಗೊಳ್ಳುತ್ತೆ, ಲೋ ವೋಲ್ಟೇಜಿಗೂ ಜಗ್ಗಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಅಡಾಪ್ಟರ್ ಸ್ವಲ್ಪ ಗುಂಯ್‌ಗುಟ್ಟಿ ಬಿಸಿಯಾಗುತ್ತೆ, ಹಾಗಾಗಿ ಕರೆಂಟ್ ಬಂದ ಮೇಲೆ ಚಾರ್ಜ್ ಮಾಡೋದು ಒಳ್ಳೇದು. ಗುಡುಗು ಮಿಂಚಿಗೆ ಮಾತ್ರ ಅಡಾಪ್ಟರ್ ಜೊತೆ ಲ್ಯಾನ್ ಕೇಬಲ್ಲನ್ನೂ ಕೀಳಿ. ತುಂಬಾ ಬೋರ್ಡು ಸುಡೋದು ಆ ತಂತಿಯಿಂದ.

ಇನ್ನು ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನೋದು. ಅದು ಲ್ಯಾಪ್‌ಟಾಪಿನ ದೋಷ ಅಂತ ವಾಪಸ್ ಕಳಿಸುವವರಿದ್ದಾರೆ. ಅಡಾಪ್ಟರ್ ಒಳಗೆ ಗದ್ದಲ ಸೋಸುವ ಒಂದು ಸಣ್ಣ ಕೆಪಾಸಿಟರ್ ಇರುತ್ತೆ, ಅದರಿಂದ ಸೋರುವ ಅತಿ ಸಣ್ಣ ಕರೆಂಟು ಮೂರನೇ ಪಿನ್ನಿನ ಮೂಲಕ ನೆಲಕ್ಕೆ ಇಳಿಯಬೇಕು. ನೀವು ಮೂರು ಪಿನ್ನಿಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿದರೆ, ಅಥವಾ ಮನೆಯ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದ್ದರೆ, ಅದು ನಿಮ್ಮ ಮೈಮೂಲಕ ಇಳಿಯುತ್ತೆ. ಕನ್ವರ್ಟರ್ ಬಿಸಾಡಿ, ಅರ್ಥಿಂಗ್ ಗುಂಡಿಗೆ ನೀರು ಹಾಕಿ ನೋಡಿ.

ಕೆರೆಏರಿ:
ಟೈಪ್-ಸಿ ಚಾರ್ಜಿಂಗ್ ಇರೋದನ್ನೇ ಹುಡುಕಿ. ಉರುಟು ಪಿನ್ನಿನ ಅಡಾಪ್ಟರ್ ಕೆಟ್ಟರೆ ಅದೇ ವೋಲ್ಟಿನ, ಅದೇ ದಪ್ಪದ ಪಿನ್ ಹುಡುಕಬೇಕು. ಟೈಪ್-ಸಿಗೆ 65 ವಾಟಿನ ಯಾವುದೇ ಪಿಡಿ (ಪವರ್ ಡೆಲಿವರಿ) ಚಾರ್ಜರ್ ಸಾಕು, ಅದು 20 ವೋಲ್ಟ್ 3.25 ಆಂಪಿಯರ್ ಕೊಡಬೇಕು. ಫೋನಿನ 33 ವಾಟ್ ಚಾರ್ಜರ್ ಸಾಮಾನ್ಯವಾಗಿ ಆಗಲ್ಲ, ಅದು ಬೇರೆ ಭಾಷೆ ಮಾತಾಡುತ್ತೆ. ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ಅದರಲ್ಲಿ ಚಾರ್ಜ್ ಆಗುತ್ತೆ ಅಂತಲೂ ಅಲ್ಲ. ಪವರ್ ಡೆಲಿವರಿ ಅಂತ ಸ್ಪೆಕ್ಸ್ ಪುಟದಲ್ಲಿ ಇರಬೇಕು.

ತಲಕಟ್ಟು:
ಕನ್ನಡ ಟೈಪಿಂಗ್ ಅಂದಿರಲ್ಲ, ಅದನ್ನು ನೋಡಿಯೇ ವಿಂಡೋಸ್ ಬೇಕೋ ಬೇಡವೋ ತೀರ್ಮಾನ ಮಾಡಬೇಕು. ನುಡಿ ವಿಂಡೋಸಿಗೆ ಮಾಡಿದ ತಂತ್ರಾಂಶ. ನಿಮ್ಮ ಸಂಘದ ಹಳೇ ಕಡತಗಳು ಯೂನಿಕೋಡ್ (ಎಲ್ಲಾ ಕಡೆ ನಡೆಯುವ ಅಕ್ಷರ ಸಂಕೇತ) ಬರುವ ಮುಂಚಿನ ನುಡಿ ಫಾಂಟಿನಲ್ಲಿದ್ದರೆ, ಆ ಫಾಂಟ್ ಇಲ್ಲದ ಕಡೆ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಕಡತ ಕೆಟ್ಟಿಲ್ಲ, ಫಾಂಟ್ ಹಾಕಿ ಅಥವಾ ನುಡಿಯ ಪರಿವರ್ತಕದಲ್ಲಿ ಯೂನಿಕೋಡಿಗೆ ತನ್ನಿ. ಹೊಸದನ್ನೆಲ್ಲ ಯೂನಿಕೋಡಿನಲ್ಲೇ ಬರೆಯಿರಿ.

ಬರೀ ವಾಟ್ಸ್‌ಆ್ಯಪ್, ಇಮೇಲಿಗೆ ಕನ್ನಡ ಅಂದರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ವಿಂಡೋಸಿನ ಭಾಷೆ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಫೊನೆಟಿಕ್ ಕೀಬೋರ್ಡ್ ಸೇರಿಸಿ. ವಿಂಡೋಸ್ ಕೀಲಿ ಒತ್ತಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತೆ. ಲಿನಕ್ಸಿನಲ್ಲಿ ನುಡಿಯ ಕಗಪ ಕೀಲಿಮಣೆ ವಿನ್ಯಾಸ ಹುಟ್ಟಿನಿಂದಲೇ ಇದೆ, ನುಡಿಯಲ್ಲಿ ಪಳಗಿದ ಬೆರಳು ಅಲ್ಲಿ ತಡವರಿಸಲ್ಲ.

ಕ್ರೋಮ್‌ಬುಕ್ ಬೇಡ ನಿಮಗೆ. ನುಡಿ ಓಡಲ್ಲ. ನಾಳೆ ಜಿಎಸ್‌ಟಿಗೋ ಟೆಂಡರಿಗೋ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚಬೇಕಾಗಿ ಬಂದರೆ ಅದರ ಡ್ರೈವರ್ ಕೂಡ ಓಡಲ್ಲ. "ಡಾಸ್" ಅಂತ ಬರೆದ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇರಲ್ಲ. ಮೂರು ಸಾವಿರ ಅಗ್ಗ ಅಂತ ಕಾಣುತ್ತೆ, ವಿಂಡೋಸ್ ಹೋಮ್ ಪರವಾನಗಿಯನ್ನು ಬಿಡಿಯಾಗಿ ಕೊಂಡರೆ ಹತ್ತು ಸಾವಿರದ ಮೇಲಾಗುತ್ತೆ. ಆಫೀಸ್ ವಿಷಯದಲ್ಲೂ ಒಂದು ಸಾಲು ಓದಿ: "ಆಫೀಸ್ ಹೋಮ್ 2024" ಅಂದರೆ ಆ ಮೆಷಿನ್ ಇರೋ ತನಕ, "365, 1 ವರ್ಷ" ಅಂದರೆ ಹದಿಮೂರನೇ ತಿಂಗಳು ದುಡ್ಡು ಕಟ್ಟಬೇಕು. ಸಂಘದ ಶೀಟಿನಲ್ಲಿ ಮ್ಯಾಕ್ರೋ ಇಲ್ಲದಿದ್ದರೆ ಲಿಬ್ರೆ ಆಫೀಸ್ ಸಾಕು, ಬಿಟ್ಟಿ.

ಧಾರವಾಡ ಪೇಡೆ:
"ನೋ ಕಾಸ್ಟ್ ಇಎಂಐ" ಅಂತ ಹಾಕಿದ್ರ ಅದರಾಗೂ ಕಾಸ್ಟ್ ಐತ್ರಿ. 40,000ಕ್ಕ ಆರು ತಿಂಗಳು, ಬ್ಯಾಂಕಿನ ಬಡ್ಡಿ 15% ಅನ್ರಿ. ಬಡ್ಡಿ ಸುಮಾರು 1,690 ಆಗ್ತೈತಿ. ಅದನ್ನ ಅಂಗಡಿಯವ್ರು ಮೊದಲ ಬೆಲಿಯೊಳಗ ಕಡಿಮಿ ಮಾಡ್ತಾರ, ಖರೆ. ಆದ್ರ ಆ ಬಡ್ಡಿ ಮ್ಯಾಲಿನ 18% ಜಿಎಸ್‌ಟಿ ಸುಮಾರು 305, ಅದು ನಿಮ್ಮ ಕಿಸೆಯಿಂದನ. ಪ್ರೊಸೆಸಿಂಗ್ ಫೀ 199 ಇದ್ರ ತೆರಿಗಿ ಕೂಡಿ 235. ಒಟ್ಟು 540 ರೂಪಾಯಿ. ಅದಕ್ಕಿಂತ ಹೆಚ್ಚು ಕಾರ್ಡ್ ರಿಯಾಯಿತಿ ಸಿಕ್ರ ಇಎಂಐ ತಗೋರಿ, ಇಲ್ಲಾಂದ್ರ ರೊಕ್ಕಾ ಕೊಟ್ಟು ಮುಗಸ್ರಿ.

ಅಡಿಕೆತೋಟ:
ಎಲ್ಲರಿಗೂ ಥ್ಯಾಂಕ್ಸ್. ಐ3-1215ಯು, 8 ಜಿಬಿ ಬೋರ್ಡ್ ಮೇಲೆ ಮತ್ತು ಒಂದು ಸ್ಲಾಟು, 1080 ಐಪಿಎಸ್, 42 ವಾಟ್-ಅವರ್ ಇರೋದನ್ನು ಗುರುತು ಹಾಕಿದೆ. ಬಂದ ದಿನ ಏನೇನು ನೋಡಲಿ? ರ‍್ಯಾಮ್ ನಾನೇ ಹಾಕಬಹುದಾ?

ಬೆಸುಗೆ:
ಡಬ್ಬಿ ಬಿಚ್ಚೋದನ್ನು ಒಂದೇ ಓಟದಲ್ಲಿ ವಿಡಿಯೋ ಮಾಡಿ, ಡಬ್ಬಿ ಮೇಲಿನ ಸೀರಿಯಲ್ ನಂಬರೂ ಲ್ಯಾಪ್‌ಟಾಪಿನ ತಳದ ನಂಬರೂ ಒಂದೇ ಇದೆಯಾ ಅಂತ ಅದರಲ್ಲೇ ತೋರಿಸಿ. ಓಪನ್ ಬಾಕ್ಸ್ ಡೆಲಿವರಿ ಇದ್ದರೆ ನೋಡಿದ ಮೇಲೆಯೇ ಓಟಿಪಿ ಹೇಳಿ. ಕಂಪನಿಯ ಸೈಟಿನಲ್ಲಿ ಸೀರಿಯಲ್ ಹಾಕಿ ವಾರಂಟಿ ದಿನಾಂಕ ನೋಡಿ. ಕೆಲವು ಸಲ ಅದು ಡೀಲರ್ ಕೊಂಡ ದಿನದಿಂದ ಶುರುವಾಗಿರುತ್ತೆ, ನಿಮ್ಮ ಬಿಲ್ ಕಳಿಸಿದರೆ ತಿದ್ದುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ತಂತ್ರಾಂಶ ಹಾಕಿ ಎಸ್‌ಎಸ್‌ಡಿಯ ಪವರ್ ಆನ್ ಅವರ್ಸ್ ನೋಡಿ. ಹೊಸದರಲ್ಲಿ ಬೆರಳೆಣಿಕೆಯ ಗಂಟೆ ಇರಬೇಕು, 300 ಇದ್ದರೆ ಅದು ಯಾರೋ ವಾಪಸ್ ಕೊಟ್ಟ ಪೀಸು. ಪೂರ್ತಿ ಕಪ್ಪು, ಪೂರ್ತಿ ಬಿಳಿ ಚಿತ್ರ ಹಾಕಿ ಚುಕ್ಕಿ ಹುಡುಕಿ. ಎಲ್ಲಾ ಕೀಲಿ, ಎರಡೂ ಸ್ಪೀಕರ್, ಪ್ರತಿ ಯುಎಸ್‌ಬಿ ತೂತು. ಮಾರುವವರು ಹಿಂತೆಗೆಯದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಕೀಲು, ಅಂದರೆ ಹಿಂಜು, ಈ ಬೆಲೆಯ ಲ್ಯಾಪ್‌ಟಾಪುಗಳ ಪ್ರಾಣಬಿಂದು. ಉಕ್ಕಿನ ಕೀಲನ್ನು ಹಿಡಿದಿರೋದು ಪ್ಲಾಸ್ಟಿಕ್ಕಿನೊಳಗೆ ಬಿಸಿಮಾಡಿ ಕೂರಿಸಿದ ಕಡಲೆಗಾತ್ರದ ಹಿತ್ತಾಳೆ ನಟ್ಟುಗಳು. ಒಂದು ಮೂಲೆ ಹಿಡಿದು ತೆರೆದರೆ ಪೂರ್ತಿ ತಿರುಚು ಆ ಕಡೆಯ ನಟ್ಟಿಗೇ ಬೀಳುತ್ತೆ, ಪ್ಲಾಸ್ಟಿಕ್ ಗೂಟ ಸೀಳಿ ನಟ್ಟು ಕಿತ್ತು ಬರುತ್ತೆ. ಆಮೇಲೆ ತೆರೆದಾಗಲೆಲ್ಲ ಪರದೆಯ ಚೌಕಟ್ಟು ಬಾಯಿಬಿಡುತ್ತೆ, ಒಂದು ದಿನ ಪರದೆಯ ಕೇಬಲ್ ತುಂಡಾಗುತ್ತೆ. ಮನೆಯಲ್ಲಿ ಎಲ್ಲರಿಗೂ ಹೇಳಿ: ನಡುವೆ ಹಿಡಿದು ತೆರೆಯಬೇಕು. ಟಕ್ ಅನ್ನೋ ಸದ್ದು ಕೇಳಿದ ಕೂಡಲೇ ತೋರಿಸಿದರೆ ಸ್ಕ್ರೂ ಬಿಗಿಮಾಡಿ ಸರಿಹೋಗುತ್ತೆ, ಬಿಟ್ಟರೆ ಹಿಂಬದಿಯ ಕವರೇ ಬದಲಿಸಬೇಕು.

ರ‍್ಯಾಮ್ ನೀವೇ ಹಾಕಬಹುದು, ಆದರೆ ಬಿಚ್ಚುವಾಗ ಏನಾದರೂ ಮುರಿದರೆ ಅದು ವಾರಂಟಿಗೆ ಬರಲ್ಲ. ಧೈರ್ಯವಿಲ್ಲದಿದ್ದರೆ ಸರ್ವಿಸ್ ಸೆಂಟರಿನಲ್ಲಿ ಹಾಕಿಸಿ. ಹಾಕೋದಾದರೆ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ, ಆಗ ಮಾತ್ರ ಪೂರ್ತಿ ಆಫ್ ಆಗುತ್ತೆ. ಅಡಾಪ್ಟರ್ ಕಿತ್ತು ತಳದ ಸ್ಕ್ರೂ ಬಿಚ್ಚಿ. ಉದ್ದ ಗಿಡ್ಡ ಬೇರೆ ಬೇರೆ ಇರುತ್ತವೆ, ಕಾಗದದ ಮೇಲೆ ತಳದ ಚಿತ್ರ ಬರೆದು ಅದದೇ ಜಾಗದಲ್ಲಿ ಇಡಿ. ರಬ್ಬರ್ ಕಾಲುಗಳ ಅಡಿಯಲ್ಲೂ ಒಂದೆರಡು ಅಡಗಿರಬಹುದು. ಹಳೇ ಎಟಿಎಂ ಕಾರ್ಡಿನಿಂದ ಅಂಚನ್ನು ಸುತ್ತ ಬಿಡಿಸಿ, ಸ್ಕ್ರೂಡ್ರೈವರ್ ತುರುಕಬೇಡಿ. ಒಳಗೆ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು, ಇದನ್ನು ಬಿಟ್ಟು ಮುಂದೆ ಹೋದವರೇ ಬೋರ್ಡ್ ಸುಟ್ಟುಕೊಳ್ಳೋದು. ಸ್ಟಿಕ್ಕಿನ ಕಚ್ಚು ಸ್ಲಾಟಿನ ಕಚ್ಚಿಗೆ ಹೊಂದಿಸಿ, ಓರೆಯಾಗಿ ಚಿನ್ನದ ಬಣ್ಣದ ಪಟ್ಟಿ ಮುಚ್ಚುವ ತನಕ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿ. ಎರಡೂ ಬದಿಯ ಕ್ಲಿಪ್ಪು ಕಟಕ್ ಅನ್ನಬೇಕು. ಮೊದಲ ಸಲ ಆನ್ ಮಾಡಿದಾಗ ಒಂದೆರಡು ನಿಮಿಷ ಪರದೆ ಕಪ್ಪಗೇ ಇರಬಹುದು. ಹೊಸ ಮೆಮೊರಿಯನ್ನು ಅದು ಹದಗೊಳಿಸಿಕೊಳ್ಳುತ್ತಿರುತ್ತೆ. ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ.

ತಲಕಟ್ಟು:
ಇನ್ನೊಂದು, ತಳ ಬಿಚ್ಚೋ ಮುಂಚೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಹೊಸ ಲ್ಯಾಪ್‌ಟಾಪುಗಳಲ್ಲಿ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿನ ಡೇಟಾಕ್ಕೆ ಬೀಗ) ತಾನಾಗೇ ಆನ್ ಆಗುತ್ತೆ. ಬಯೋಸ್ ಅಪ್‌ಡೇಟ್ ಅಥವಾ ಬೋರ್ಡ್ ರಿಪೇರಿ ಆದ ಮೇಲೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಡಿವೈಸಸ್ ಪುಟದಲ್ಲಿರುತ್ತೆ. ಖಾತೆಯನ್ನು ಅಂಗಡಿ ಹುಡುಗನ ಇಮೇಲಿನಲ್ಲಿ ಮಾಡಿಸಿಕೊಂಡಿದ್ದರೆ ಡೇಟಾ ಹೋದ ಹಾಗೆಯೇ. ನಿಮ್ಮದೇ ಇಮೇಲ್ ಹಾಕಿ, ಆ 48 ಅಂಕಿಯನ್ನು ಬಿಲ್ಲಿನ ಹಿಂದೆ ಬರೆದು ಬೀರುವಿನಲ್ಲಿಡಿ.

ಅಡಿಕೆತೋಟ:
ಬಿಲ್ಲಿನ ಶಾಯಿ ಆರು ತಿಂಗಳಿಗೆ ಮಾಸುತ್ತೆ ಸರ್, ಥರ್ಮಲ್ ಪೇಪರು.

ತಲಕಟ್ಟು:
ಹಾಗಾದರೆ ಜೆರಾಕ್ಸ್ ಮಾಡಿಸಿ ಅದರ ಹಿಂದೆ ಬರೆಯಿರಿ. ವಾರಂಟಿಗೂ ಅದೇ ಬೇಕಾಗುತ್ತೆ.